ಬೀಗದಣ್ಣ ಅಕ್ಕನ ಸಭೆಗೆ ಹೋದದ್ದು

ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಬ್ಬರೇ ಕೂರುವಷ್ಟು ಜಾಗದಲ್ಲಿ ಬೀಗದಣ್ಣನ ಅಂಗಡಿ. ಎಂಥ ಮೊಂಡು ಬೀಗವಾದರೂ ಅವನ ಮುಂದೆ ಬಾಯಿ ಬಿಡಲೇಬೇಕು, ಅವನು ಮಾತ್ರ ಯಾರ ಮುಂದೂ ಬಾಯಿ ಬಿಡುವವನಲ್ಲ ಎಂದು ಜನ ನಗುತ್ತಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಇಬ್ಬರಿಗೂ ಮದುವೆ ಮಕ್ಕಳು ಆದಮೇಲೂ ಭಾನುವಾರ ಚರ್ಚಿನ ಮೂರನೇ ಬೆಂಚಿನಲ್ಲಿ ಅಕ್ಕತಮ್ಮ ಪಕ್ಕಪಕ್ಕದಲ್ಲೇ ಕೂರುತ್ತಿದ್ದರು.

ಆ ಚರ್ಚು ಒಡೆಯಿತು. ಕೂಸುಗಳಿಗೇ ದೀಕ್ಷಾಸ್ನಾನ ಕೊಡಬಹುದೇ, ಬುದ್ಧಿ ಬಂದಮೇಲೆ ಕೊಡಬೇಕೇ ಎಂಬುದು ಹೊರಗೆ ಹೇಳುವ ಕಾರಣ. ಒಳಗೆ, ಯಾರ ಮಾತು ನಡೆಯಬೇಕು ಎಂಬ ಹಳೆಯ ಹಟ. ಮಾತಿಗೆ ಮಾತು ಬೆಳೆದು, ಬುದ್ಧಿ ಬಂದಮೇಲೆಯೇ ಕೊಡಬೇಕು ಎಂದ ನಲವತ್ತು ಮನೆಯವರು ಬೇರೆಯಾದರು. ಅಕ್ಕ ಅವರೊಂದಿಗೆ ಹೋದಳು. ಬೀಗದಣ್ಣ ಕಮಿಟಿಯಲ್ಲಿದ್ದ, ಉಳಿದುಕೊಂಡ. ಹೋದವರು ಮತ್ತೆ ಒಳಗೆ ಬಾರದಂತೆ ಬಾಗಿಲಿನ ಬೀಗ ಬದಲಾಯಿಸಿ ಎಂದು ಕಮಿಟಿ ಹೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡ.

ಅವನು ಕೊನೆಯ ಸ್ಕ್ರೂ ಬಿಗಿಮಾಡುತ್ತಿದ್ದಾಗ ಅಕ್ಕ ಬಂದಳು. ಚರ್ಚಿನ ಮೇಜಿನ ಬಿಳಿ ಬಟ್ಟೆಗಳನ್ನು ಇಪ್ಪತ್ತು ವರ್ಷ ಒಗೆದು ಇಸ್ತ್ರಿ ಮಾಡಿದವಳು ಅವಳೇ. ಕಡೆಯ ಸಲ ಒಗೆದು ತಂದಿದ್ದಳು. ಒಳಗೆ ಇಟ್ಟು ಬರುತ್ತೇನೆ ಎಂದಳು. ಅವನು ತಲೆ ಎತ್ತಲಿಲ್ಲ.

“ಇಲ್ಲೇ ಕೊಡು. ನೀನಿನ್ನು ಇಲ್ಲಿಯವಳಲ್ಲ.”

ಅಕ್ಕ ಗಂಟನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದಳು.

ಅವಳೇ ಬರಲಿ ಎಂದು ಇವನು, ಇವನೇ ಬರಲಿ ಎಂದು ಅವಳು. ಹೀಗೇ ಎರಡು ವರ್ಷ ಕಳೆಯಿತು. ಚರ್ಚಿನಲ್ಲಿ ಹಾಡುವಾಗ ಅಕ್ಕನ ಸ್ವರ ಒಂದು ಜಾಗದಲ್ಲಿ ಮೇಲಕ್ಕೆ ಜಾರುತ್ತಿತ್ತು. ಅದಕ್ಕೆ ಸದಾ ಗೇಲಿ ಮಾಡುತ್ತಿದ್ದವನು ಈಗ ಆ ಜಾಗ ಬಂದರೆ ತನ್ನ ದನಿ ತಗ್ಗಿಸಿ ಕಾಯುತ್ತಿದ್ದ. ಒಂದು ಮಧ್ಯಾಹ್ನ ಔಷಧಿ ಅಂಗಡಿಯವನು, ಕಣ್ಣಿನ ಆಪರೇಷನ್ ಆದಮೇಲೆ ನಿಮ್ಮಕ್ಕ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾಳೆ ಎಂದುಬಿಟ್ಟ ಬೀಗದಣ್ಣ. ಆಪರೇಷನ್ ಆಗಿದ್ದೇ ಅವನಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ತಿಳಿದ ಸುದ್ದಿ ಒಡಹುಟ್ಟಿದವನಿಗೆ ತಿಳಿದಿರಲಿಲ್ಲವಲ್ಲ ಎಂದು ಅಂದು ಬೇಗನೇ ಅಂಗಡಿ ಮುಚ್ಚಿದ.

ಭಾನುವಾರ, ಬೇರೆಯಾದವರು ಪ್ರಾರ್ಥನೆಗೆ ಕೂಡುವ ಅಕ್ಕನ ಸಭೆಗೆ ಹೊರಟ. ಅಲ್ಲಿ ಹೋಗಿ ವಾದ ಮಾಡಬೇಡಿ ಎಂದು ಹೆಂಡತಿ ಎಚ್ಚರಿಸಿದಳು.

“ವಾದ ಗೆದ್ದು ಗೆದ್ದು ಸಾಕಾಗಿದೆ ಕಣೇ,” ಎಂದ.

ಪೀಠೋಪಕರಣದ ಗೋದಾಮಿನ ಮೇಲಿನ ಬಾಡಿಗೆ ಹಾಲ್. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಅಕ್ಕ ಮುಂದೆ ಇದ್ದಳು, ಕಪ್ಪು ಕನ್ನಡಕ ಹಾಕಿಕೊಂಡು, ತಿರುಗಿ ನೋಡಲಿಲ್ಲ. ಪ್ರಾರ್ಥನೆ ಮುಗಿದಮೇಲೆ ಅಪ್ಪಣೆ ಕೇಳಿ ಎದ್ದು ನಿಂತ.

“ಆ ಬೀಗ ಹಾಕಿದ್ದು ನಾನು. ಕಮಿಟಿ ಹೇಳ್ತು ಅಂತ ನೆಪ ಹೇಳಲ್ಲ. ನಿಮ್ಮನ್ನೂ ನಮ್ಮಕ್ಕನ್ನೂ ಹೊರಗೆ ನಿಲ್ಲಿಸಿದೆ. ತಪ್ಪು ನಂದು.”

ದೀಕ್ಷಾಸ್ನಾನದ ಬಗ್ಗೆ ಅವನ ಅಭಿಪ್ರಾಯ ಬದಲಾಗಿರಲಿಲ್ಲ. ಅದನ್ನು ಎತ್ತಲೇ ಇಲ್ಲ.

ಆಮೇಲೆ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವ ವಿಧಿ. ಇಲ್ಲಿಯ ಕ್ರಮದಂತೆ, ಕೂಸಾಗಿದ್ದಾಗ ಅಲ್ಲ, ಬುದ್ಧಿ ಬಂದಮೇಲೆ ದೀಕ್ಷೆ ಪಡೆದವರಿಗೆ ಮಾತ್ರ ರೊಟ್ಟಿ ಎಂದು ಸಭಾಪಾಲಕರು ಸಂಕೋಚದಿಂದಲೇ ಹೇಳಿದರು. ಬೀಗದಣ್ಣ ತಲೆಯಾಡಿಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ತಟ್ಟೆ ಅಕ್ಕನ ಬಳಿ ಬಂತು. ಅವಳು ಒಂದು ಗಳಿಗೆ ಹಿಡಿದುಕೊಂಡು, ಏನೂ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿದಳು. ಎದ್ದು ಕುರ್ಚಿಗಳನ್ನು ತಡವಿಕೊಂಡು ಬಂದು ಅವನ ಪಕ್ಕ ಕುಳಿತಳು.

“ನೀನ್ಯಾಕೆ ತಗೊಳ್ಳಲಿಲ್ಲಕ್ಕಾ?”

“ಎರಡು ವರ್ಷ ಹೇಗೋ ನುಂಗಿದೆ ಕಣೋ. ಇವತ್ತು ನಿನ್ನನ್ನ ಹಿಂದೆ ಕೂರಿಸ್ಕೊಂಡು ಗಂಟಲಲ್ಲಿ ಇಳಿಯಲ್ಲ ಅನ್ನಿಸ್ತು.”

ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಬೀಗದಣ್ಣ ಕಮಿಟಿಯನ್ನು ಮೂರು ಸಲ ಕೇಳಿದ. ಮೂರು ಸಲವೂ ಆಗಲ್ಲ ಎಂದರು. ಕಮಿಟಿ ಬಿಟ್ಟ, ಚರ್ಚು ಬಿಡಲಿಲ್ಲ. ಈಗ ಅಕ್ಕತಮ್ಮ ಒಂದು ಭಾನುವಾರ ಅಲ್ಲಿ, ಒಂದು ಭಾನುವಾರ ಇಲ್ಲಿ. ಅವನು ಕೈಹಿಡಿದು ಕರೆತಂದ ಅಕ್ಕನನ್ನು ಒಳಗೆ ಬಿಡಲು ಮೊದಲು ಗೊಣಗಿದವರು ಈಗ ಸುಮ್ಮನಿದ್ದಾರೆ. ಎಲ್ಲರೂ ಒಂದೇ ಕಡೆ ಕೂರುವ ತನಕ ಎರಡೂ ಕಡೆ ಇಬ್ಬರೂ ರೊಟ್ಟಿ ಮುಟ್ಟುವುದಿಲ್ಲ. ಹಸಿವಾಗಲ್ವೇನಯ್ಯ ಎಂದು ಹಿರಿಯರೊಬ್ಬರು ತಮಾಷೆಗೆ ಕೇಳಿದಾಗ, ತುಂಬಾ ಆಗುತ್ತೆ ಸ್ವಾಮಿ ಎಂದನಂತೆ.

ಅಕ್ಕನಿಗೆ ಎಪ್ಪತ್ತೆರಡು ದಾಟಿತು. ಕಣ್ಣು ಮುಚ್ಚುವುದರೊಳಗೆ ಒಂದೇ ಒಂದು ಸಲ ಎಲ್ಲರೊಂದಿಗೆ ಕೂತು ತಿನ್ನಬೇಕು ಎನ್ನುತ್ತಾಳೆ. ಕಳೆದ ತಿಂಗಳು ಎರಡೂ ಕಡೆಯ ನಾಲ್ಕೈದು ಮಂದಿ ತಾವೂ ರೊಟ್ಟಿ ಮುಟ್ಟದೆ ತಟ್ಟೆ ದಾಟಿಸಿದರು.