ಸಸಿಮಡಿಗೆ ಬಂದ ಇಟಲಿಯವರು

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ, ಹನ್ನೊಂದು ಅಕ್ಕಿರೊಟ್ಟಿ ತಟ್ಟಿದೆ, ನಮ್ಮವರು ಹೇಳಿದ್ದಕ್ಕೆಲ್ಲ ಹೂಂ ಎಂದೆ. ಮದುವೆಯಾದ ಹೊಸದರಲ್ಲಿ ಕೇಳಿಸಿಕೊಂಡು ಹೂಂ ಎನ್ನುತ್ತಿದ್ದೆ. ಈಗ ಕೇಳಿಸಿಕೊಳ್ಳುವ ಶ್ರಮ ಬಿಟ್ಟು ಹೂಂ ಒಂದನ್ನು ಉಳಿಸಿಕೊಂಡಿದ್ದೇನೆ. ಅದು ಎಂಥ ದುಬಾರಿ ಅಭ್ಯಾಸವೆಂದು ಗೊತ್ತಾದದ್ದು ಮಧ್ಯಾಹ್ನ.

ಹನ್ನೊಂದು ಗಂಟೆ ನನ್ನ ಹೊತ್ತು. ನಮ್ಮವರು ಗದ್ದೆಯಲ್ಲಿರುತ್ತಾರೆ, ಅತ್ತೆ ಜಗಲಿಯಲ್ಲಿ ತೂಕಡಿಸುತ್ತಾರೆ. ನಾನು ಹಳೆಯ ಸೀಡಿ ಪ್ಲೇಯರಿನ ಮುಂದೆ ಸೊಪ್ಪು ಬಿಡಿಸುತ್ತ, ಇಟಲಿಯ ಮೂವರು ನುಡಿಸಿದ ಜಾಝ್ ಕೇಳುತ್ತೇನೆ. ಒಂದು ಪಿಯಾನೋ, ಆಳೆತ್ತರದ ಪಿಟೀಲಿನಂಥ ಒಂದು ಬೇಸ್, ಒಂದು ಡ್ರಮ್, ಅಷ್ಟೇ. ಕೊಡ್ಲಿಪೇಟೆಯ ಕಡೆ ಇಂಥ ಚಟ ಇರುವವರು ಇನ್ನೊಬ್ಬರಿದ್ದರೆ ನನಗೆ ಗೊತ್ತಿಲ್ಲ. ಇದ್ದರೂ ನನ್ನಂತೆಯೇ ಬಾಯಿಬಿಡದೆ ಕೂತಿರಬೇಕು.

ಆ ಸೀಡಿ ಕೊಟ್ಟವಳು ಗೋಣಿಕೊಪ್ಪಲಿನ ಹತ್ತಿರ ಹೋಂಸ್ಟೇ ನಡೆಸುವ ನನ್ನ ಶಾಲೆಯ ಗೆಳತಿ. ಅತಿಥಿಯೊಬ್ಬರು ಮರೆತು ಹೋದದ್ದಂತೆ. "ಕಾನ್ವೆಂಟಲ್ಲಿ ಪಿಯಾನೋ ಕುಟ್ತಾ ಇದ್ದವಳು ನೀನೊಬ್ಳೇ, ತಗೊಂಡ್ಹೋಗು" ಎಂದಳು. ಹೊದಿಕೆಯ ಮೇಲೆ ಮುಚ್ಚಿದ ಅಂಗಡಿಯೊಂದರ ಮುಂದೆ ಮೂವರು ನಡುವಯಸ್ಸಿನವರು, ಕೊನೆಯ ಬಸ್ಸು ತಪ್ಪಿಸಿಕೊಂಡವರಂತೆ ನಿಂತಿದ್ದಾರೆ. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಅವರ ಈ ಸೀಡಿ ಸಿಗಲಿಲ್ಲ. ಅವರ ಊರಿನಲ್ಲೂ ಅವರನ್ನು ಕೇಳಿದವರು ಕಡಿಮೆ ಎಂದು ತೋರಿ, ನಿಜ ಹೇಳುತ್ತೇನೆ, ನನಗೆ ಕೊಂಚ ಸಮಾಧಾನವೇ ಆಯಿತು.

ಕಾನ್ವೆಂಟಿನ ಸಿಸ್ಟರ್ ನನ್ನ ಮುಂಗೈ ಮೇಲೆ ನಾಣ್ಯವಿಟ್ಟು ನುಡಿಸು ಎನ್ನುತ್ತಿದ್ದರು. ಬಿದ್ದರೆ ಗೆಣ್ಣಿಗೆ ರೂಲರಿನ ಏಟು. ನನ್ನ ನಾಣ್ಯ ಬೀಳುತ್ತಿರಲಿಲ್ಲ. ಆ ಗುಣ ನೋಡಿಯೇ ಈ ಮನೆಯವರು ಒಪ್ಪಿದರೋ ಏನೋ. ಇಟಲಿಯ ಪಿಯಾನೋದವನ ಕೈಮೇಲಾದರೆ ನಾಣ್ಯ ಒಂದು ಗಳಿಗೆಯೂ ನಿಲ್ಲದು. ಜಾಝ್ ಎಂದರೇನೆಂದು ತಿಳಿದವರು ಏನೇನೋ ಬರೆದಿದ್ದಾರೆ. ನನಗೆ ಅದು ಸಾವಿನ ಮನೆಯಲ್ಲಿ ಹೆಂಗಸರು ಮಾತಾಡುವ ಕ್ರಮದಂತೆ ಕಾಣುತ್ತದೆ. ನಡೆದದ್ದನ್ನು ಮೊದಲು ಎಲ್ಲರೂ ಸೇರಿ ಒಂದು ಸಲ ನೆಟ್ಟಗೆ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬಳೂ ಅದನ್ನೇ ತನ್ನ ಕಾಯಿಲೆಗೆ, ತನ್ನ ತವರಿಗೆ ತಿರುಗಿಸಿಕೊಂಡು ಸುತ್ತಾಡಿ, ಕೊನೆಗೆ ಸತ್ತವರ ಬಳಿಗೇ ಮರಳುತ್ತಾಳೆ.

ಮೂರನೆಯ ಹಾಡಿನಲ್ಲಿ ಪಿಯಾನೋದವನು ಕೈ ಎತ್ತಿಬಿಡುತ್ತಾನೆ. ಅಲ್ಲಿಯವರೆಗೆ ಇದ್ದದ್ದೇ ತಿಳಿಯದ ಬೇಸ್ ಒಂದೇ ಉಳಿದು, ಕತ್ತಲಲ್ಲಿ ಮೆಟ್ಟಿಲಿಳಿಯುವ ಮುದುಕಿಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತದೆ. ಆಗ ಹಿಂದೆ ಎಲ್ಲೋ, ಅವರು ನುಡಿಸುತ್ತಿದ್ದ ಆ ಕೋಣೆಯಲ್ಲಿ, ಕೇಳುತ್ತ ಕೂತ ಯಾರೋ ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾರೆ. ಆ ಲೋಟದ ಸದ್ದಿಗಾಗಿಯೇ ನಾನು ದಿನಾ ಕಾಯುತ್ತಿದ್ದೆ. ಬೇಸನ್ನು ಕೇಳಿಸಿಕೊಂಡವರೊಬ್ಬರು ಅಲ್ಲಿದ್ದರಲ್ಲ.

ಅತ್ತೆಯ ಜ್ವರದಿಂದಾಗಿ ಒಂದು ವಾರ ಪ್ಲೇಯರ್ ಮುಟ್ಟಿರಲಿಲ್ಲ. ಇವತ್ತು ಡಬ್ಬಿ ತೆರೆದರೆ ಖಾಲಿ. ಊಟಕ್ಕೆ ಬಂದ ನಮ್ಮವರನ್ನು ಕೇಳಿದೆ.

"ಹಳೇ ಸೀಡಿ ಎಲ್ಲಾ ಸಸಿಮಡಿಗೆ ಕಟ್ಟಿದೀನಲ್ಲ. ಮೊಳಕೆ ಬತ್ತ ಹಕ್ಕಿ ಪಾಲಾಗ್ತಿತ್ತು. ಹೊಳೆಯೋದು ಕಂಡ್ರೆ ಅವು ಇಳಿಯಲ್ಲ."

"ಅದು ನಂದು ಕಣ್ರೀ."

"ಹೋದ ವಾರ ರೊಟ್ಟಿ ತಟ್ತಿದ್ದಾಗ ಕೇಳಿದ್ನಲ್ಲ, ಎಲ್ಲಾ ಕಟ್ಲಾ ಅಂತ. ಹೂಂ ಅಂದೆ."

ಅಂದಿರಬೇಕು.

ಗದ್ದೆಗೆ ಹೋದೆ. ಬಿದಿರು ಗೂಟಗಳಲ್ಲಿ ಏಳು ಸೀಡಿ ತೂಗುತ್ತಿದ್ದವು: ಮೈದುನನ ಮದುವೆಯದು, ಟ್ರ್ಯಾಕ್ಟರಿನವರು ಕೊಟ್ಟದ್ದು, ಕಂಪ್ಯೂಟರ್ ಕಲಿಸುವುದು, ಇನ್ನೇನೋ. ಇಟಲಿಯವರು ಮೂಲೆಯಲ್ಲಿದ್ದರು. ಗಾಳಿಗೆ ಗೂಟದ ಸೀಳಿಗೆ ಉಜ್ಜಿ ಉಜ್ಜಿ ಮೈಯೆಲ್ಲ ಗೀರು. ಬಿಚ್ಚಿ ತಂದು, ಸೆರಗಿನಲ್ಲಿ ಒರೆಸಿ, ಪ್ಲೇಯರಿಗೆ ಹಾಕಿದೆ. ಸ್ವಲ್ಪ ಹೊತ್ತು ತಿರುಗಿ, ಅದರ ಪುಟ್ಟ ಕಿಟಕಿಯಲ್ಲಿ 'ನೋ ಡಿಸ್ಕ್' ಎಂದು ಬಂತು. ಇಟ್ಟವಳು ಎದುರಿಗೇ ಕೂತಿದ್ದೇನೆ, ಇಲ್ಲವಂತೆ. ನಾಲ್ಕು ಸಲ ಹಾಕಿದೆ. ನಾಲ್ಕು ಸಲವೂ ಅದೇ ಉತ್ತರ.

"ಬೇರೆ ತಂದ್ರಾಯ್ತು ಬಿಡು" ಎಂದರು ನಮ್ಮವರು, ಮಜ್ಜಿಗೆ ಸುರಿದುಕೊಳ್ಳುತ್ತ. ಕೆಟ್ಟ ಮನಸ್ಸಿನಿಂದಲ್ಲ. ನಾನು ಹೂಂ ಎಂದೆ.

ಸಂಜೆಯ ಹೊತ್ತಿಗೆ ಆ ಖಾಲಿ ಮೂಲೆಗೆ ಹಕ್ಕಿಗಳು ಇಳಿದಿದ್ದವು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ತಿನ್ನಲಿ ಎಂದು ಕಾಲು ಗಂಟೆ ನೋಡುತ್ತ ನಿಂತೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ದೊಡ್ಡ ಪ್ರತಿಭಟನೆ ಅದು. ಆಮೇಲೆ ನಾನೇ ಹೋಗಿ ಸೀಡಿಯನ್ನು ಅದೇ ಗೂಟಕ್ಕೆ, ಅದೇ ದಾರದಲ್ಲಿ ಕಟ್ಟಿದೆ. ಗಂಟನ್ನು ಅಚ್ಚುಕಟ್ಟಾಗಿಯೇ ಹಾಕಿದೆ. ಸಿಸ್ಟರ್ ಕಲಿಸಿದ್ದು ಎಲ್ಲಿ ಹೋಗುತ್ತದೆ.

ಪಕ್ಕದ ಗದ್ದೆಯ ಜಯಮ್ಮ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದವಳು ನಿಂತಳು. "ಅದೇನಕ್ಕಾ, ಮಧ್ಯಾಹ್ನ ಬಿಚ್ಕೊಂಡೋದ್ರಿ, ಈಗ ತಂದು ಕಟ್ತಿದೀರಿ?"

"ಒಳಗೆ ಏನಾದ್ರೂ ಉಳ್ದಿದ್ಯಾ ಅಂತ ನೋಡ್ದೆ ಜಯಮ್ಮ."

"ಏನಿದ್ರೇನು ಬಿಡಿ," ಎಂದಳು ಅವಳು ಹೊರೆ ಸರಿಮಾಡಿಕೊಂಡು. "ನಮ್ಮನೇರು ತಗಡಿನ ಡಬ್ಬ ಕಟ್ಟವ್ರೆ, ಹಗಲೆಲ್ಲಾ ಡಬಡಬ ಅಂತ ತಲೆನೋವು. ನಿಮ್ದೇ ವಾಸಿ. ಸದ್ದಿಲ್ದಂಗೆ ಕೆಲ್ಸ ಮಾಡ್ತದೆ."