ಮುಖಪುಟದ ಮೋಡ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಆಲ್ಟರೇಷನ್ ಅಕ್ಕ ಅಂತ. ಅವಳು ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕೆಟ್ಟ ಜಿಪ್ ಕಿತ್ತು ಬೇರೆ ಹಾಕುವುದು, ಇಷ್ಟೇ ಅವಳ ಕಸುಬು. ಹಾರ್ಡ್‌ವೇರ್ ಅಂಗಡಿಗೂ ಕ್ಷೌರದಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅವಳ ಕೋಣೆ ಎಷ್ಟು ಇಕ್ಕಟ್ಟೆಂದರೆ, ಗಿರಾಕಿ ಪ್ಯಾಂಟು ಹಾಕಿ ನೋಡಬೇಕಾದರೆ ಅವಳು ಮಷಿನ್ ಬಿಟ್ಟೆದ್ದು ಬೀದಿಗೆ ಬಂದು ನಿಲ್ಲಬೇಕಿತ್ತು.

ಬ್ಲಾಗಿನ ಯೋಚನೆ ಬಂದದ್ದು ಹಾಗೆ ಬೀದಿಯಲ್ಲಿ ನಿಂತಾಗಲೇ. ಬಂದವರೆಲ್ಲ ಕೇಳಿದ್ದನ್ನೇ ಕೇಳುತ್ತಿದ್ದರು. ಇಂಕಿನ ಕಲೆ ಹೋಗುತ್ತಾ, ಗುಂಡಿ ಯಾಕೆ ಪದೇ ಪದೇ ಉದುರುತ್ತೆ, ಜಿಪ್ ಮಧ್ಯದಲ್ಲಿ ನಿಂತುಬಿಟ್ಟರೆ ಏನು ಮಾಡೋದು. ಹೇಳಿ ಹೇಳಿ ಬಾಯಿ ನೋವು ಬಂದ ಮೇಲೆ ಅವಳು ಮಗಳನ್ನು ಹಿಡಿದುಕೊಂಡಳು. "ಇದನ್ನೆಲ್ಲ ಎಲ್ಲಾದ್ರೂ ಬರೆದು ಹಾಕೋಕಾಗುತ್ತಾ ನೋಡೇ. ಅಲ್ಲೇ ಓದ್ಕೊಳ್ಳಿ ಅಂದ್ಬಿಡ್ತೀನಿ."

ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಒಂದು ರಜೆಯ ದಿನ ಕೂತು ಬ್ಲಾಗ್ ಮಾಡಿಕೊಟ್ಟಳು. ಬರಹ ಹಾಕುವುದು ಹೇಗೆ, ಪ್ರತಿ ಬರಹಕ್ಕೂ ಅದು ಯಾವುದರ ಬಗ್ಗೆ ಎಂದು ತಿಳಿಸುವ ಒಂದೆರಡು ಪದ, ಅಂದರೆ ಟ್ಯಾಗ್, ಸೇರಿಸುವುದು ಹೇಗೆ ಎಂದು ತೋರಿಸಿದಳು. ಕೊನೆಗೆ ಒಂದು ಕಡೆ ಟಿಕ್ ಹಾಕಿ ಹೇಳಿದಳು: "ಇದು ಟ್ಯಾಗ್ ಕ್ಲೌಡ್ ಅಮ್ಮ. ನೀನು ಕೊಟ್ಟ ಪದಗಳೆಲ್ಲ ಮುಖಪುಟದಲ್ಲಿ ಮೋಡದ ಥರ ಒಟ್ಟಿಗೆ ಕಾಣುತ್ತೆ. ಜಾಸ್ತಿ ಸಲ ಬಂದ ಪದ ದಪ್ಪ, ಕಮ್ಮಿ ಬಂದಿದ್ದು ಸಣ್ಣ. ಒತ್ತಿದ್ರೆ ಅದಕ್ಕೆ ಸೇರಿದ ಬರಹ ತೆರ್ಕೊಳ್ಳುತ್ತೆ. ಬೇಡ ಅನ್ಸಿದ್ರೆ ಟಿಕ್ ತೆಗೆದ್ರಾಯ್ತು."

ಆ ಟಿಕ್ ಮನೆಯ ನೆಮ್ಮದಿ ಕೆಡಿಸೀತೆಂದು ಆಗ ಇಬ್ಬರಿಗೂ ತೋಚಲಿಲ್ಲ.

ಅಕ್ಕನ ಗಂಡ ಬೋರ್ಡ್ ಬರೆಯುವ ಪೇಂಟರ್. ಒಂದು ಕಾಲಕ್ಕೆ ಆ ಪೇಟೆಯ ಅರ್ಧಕ್ಕರ್ಧ ಅಂಗಡಿಗಳ ಹೆಸರು ಅವನ ಕೈಬರಹವೇ. ಫ್ಲೆಕ್ಸ್ ಮಷಿನ್ ಬಂದದ್ದೇ ತಡ, ಒಂದೊಂದೇ ಬೋರ್ಡು ಕೆಳಗಿಳಿಯಿತು. ಈಗ ಅವನಿಗೆ ಸಿಗುತ್ತಿದ್ದುದು ಗೇಟಿಗೆ ಬಣ್ಣ ಹೊಡೆಯುವುದು, ಲಾರಿಯ ಹಿಂದೆ ನಂಬರು ಬರೆಯುವುದು, ಅಂಥದ್ದು. ಸಣ್ಣ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟುಬಿಟ್ಟಿದ್ದ.

ಆ ಸಂಜೆ ಅವನು ಮಗಳ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. "ಇದ್ಯಾರು ಬರ್ದಿದ್ದು?"

"ಯಾರೂ ಬರ್ದಿಲ್ಲಪ್ಪ, ಅದೇ ಬರ್ಕೊಳ್ಳುತ್ತೆ."

"ಬಣ್ಣ ಬದಲಾಯಿಸ್ಬಹುದಾ?"

ಬದಲಾಯಿಸಬಹುದಿತ್ತು. ಬಣ್ಣ, ಅಕ್ಷರದ ಬಗೆ, ಪದಗಳ ನಡುವಿನ ಜಾಗ, ಎಲ್ಲವನ್ನೂ. ಅಲ್ಲಿಂದಾಚೆಗೆ ಪೇಂಟರ್ ಕೆಲಸದಿಂದ ಬಂದು ಕೈ ತೊಳೆದವನೇ ಕನ್ನಡಕ ಏರಿಸಿ ಕಂಪ್ಯೂಟರ್ ಮುಂದೆ ಕೂರತೊಡಗಿದ. ಇವತ್ತು ನೀಲಿ, ನಾಳೆ ಕಾವಿಗೆಂಪು. ಅಕ್ಕ ಮೊದಲು ಏನೂ ಅನ್ನಲಿಲ್ಲ. ಎಷ್ಟೋ ದಿನದ ಮೇಲೆ ಮನುಷ್ಯ ಸಿಳ್ಳೆ ಹಾಕುತ್ತಾ ಕೂತಿದ್ದಾನೆ, ಇರಲಿ ಬಿಡು ಅಂದುಕೊಂಡಳು.

ಬರಹಗಳು ಹೆಚ್ಚಾದಂತೆ ತಲೆನೋವು ಶುರುವಾಯಿತು. ಜನ ಹೆಚ್ಚಾಗಿ ಕೆಡಿಸಿಕೊಳ್ಳುವುದು ಜಿಪ್ಪನ್ನೇ ಆದ್ದರಿಂದ ಅವಳು ಬರೆದದ್ದೂ ಜಿಪ್ಪಿನ ಬಗ್ಗೆಯೇ ಜಾಸ್ತಿ. ಮುಖಪುಟ ತೆರೆದರೆ 'ಜಿಪ್' ಎಂಬ ಎರಡಕ್ಷರ ಗೂಳಿಯ ಹಾಗೆ ಅಡ್ಡ ಮಲಗಿರುತ್ತಿತ್ತು. ಮಕ್ಕಳ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡುವುದು ಹೇಗೆಂದು ಅವಳು ಒಂದೇ ಒಂದು ಸಲ, ಆದರೆ ಬಹಳ ಮನಸ್ಸಿಟ್ಟು ಬರೆದಿದ್ದಳು. ಆ 'ಫ್ರಾಕ್' ಮೂಲೆಯಲ್ಲಿ ಇರುವೆಯಷ್ಟಾಗಿ ಕೂತಿತ್ತು. ಒಬ್ಬಾಕೆ ಫೋನ್ ಮಾಡಿ, "ಬರ್ದಿದ್ದೀನಿ ಅಂತೀರ, ಎಲ್ಲಿದೆ ರೀ ಅದು? ಹುಡುಕಿ ಹುಡುಕಿ ಕಣ್ಣು ಸೋತ್ಹೋಯ್ತು," ಎಂದಳು.

ಪೇಂಟರನ ದೂರು ಬೇರೆಯೇ ಇತ್ತು. "ಮಧ್ಯದಲ್ಲಿ ಜಿಪ್ ಅಂತ ಬೋಳುಬೋಳಾಗಿ ಕೂತಿದೆ ಕಣೇ. ಒಂದು ಒತ್ತಕ್ಷರ ಇಲ್ಲ, ಏನಿಲ್ಲ. ಬೇರೆ ಏನಾದ್ರೂ ಬರಿ."

"ಬೇರೆ ಏನು ಬರೀಲಿ?"

"ಉಣ್ಣೆ ಬಗ್ಗೆ ಬರಿ. ಣ-ಗೆ ಣ ಒತ್ತು ಕೊಟ್ರೆ ಆ ಪದ ನೋಡೋಕೆ ಎಷ್ಟು ತುಂಬ್ಕೊಂಡಿರುತ್ತೆ ಗೊತ್ತಾ?"

"ನಾನು ಬರೆಯೋದು ಬಟ್ಟೆ ಬಗ್ಗೆ ರೀ. ನಿಮ್ಮ ಒತ್ತಕ್ಷರದ ಬಗ್ಗೆ ಅಲ್ಲ."

ಅವಳು ಮಗಳ ಹತ್ತಿರ ಹೇಳಿಕೊಂಡಳು. ಮಗಳು ಊಟದ ಡಬ್ಬಿ ಚೀಲಕ್ಕೆ ತುರುಕುತ್ತಾ, "ಟಿಕ್ ತೆಗೆದ್ಬಿಡಮ್ಮ, ಅಷ್ಟೇ," ಅಂದಳು.

"ನಿಮ್ಮಪ್ಪ?"

"ಅದು ನಿಮ್ಮಿಬ್ಬರ ವಿಷ್ಯ. ನಾನು ಡ್ಯೂಟಿಗೆ ಹೊರಟೆ."

ಅಕ್ಕ ಎಷ್ಟೋ ಸಲ ಆ ಟಿಕ್ಕಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದ್ದಳು. ಅಷ್ಟರಲ್ಲಿ ಹೊಸದಾಗಿ ಬಳಿದ ಬಣ್ಣ ಕಣ್ಣಿಗೆ ಬೀಳುತ್ತಿತ್ತು, ಬೀರುವಿನ ಮೇಲಿನ ಕುಂಚಗಳು ನೆನಪಾಗುತ್ತಿದ್ದವು. ಕೈ ಹಿಂದೆ ತೆಗೆಯುತ್ತಿದ್ದಳು. ಆಮೇಲೆ, ನನ್ನ ಬ್ಲಾಗು, ನನ್ನ ಬರಹ, ಇದಕ್ಕೂ ಇವರ ಮುಖ ನೋಡಬೇಕಾ ಎಂದು ತನ್ನ ಮೇಲೆಯೇ ಸಿಡುಕುತ್ತಾ ಪಾತ್ರೆ ಕುಕ್ಕುತ್ತಿದ್ದಳು.

ಇಂಥದ್ದರಲ್ಲಿ ಒಂದು ಬೆಳಗ್ಗೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟರೊಬ್ಬರು ಅಂಗಡಿಗೆ ಬಂದರು. ಬಾಗಿದ ಬೆನ್ನು, ಮೆತ್ತಗಿನ ಮಾತು. ಚೀಲದಿಂದ ಬೂದುಬಣ್ಣದ ಸ್ವೆಟರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಶಾಲೆಯ ಮಕ್ಕಳಿಗೆ ಆಗುವ ಅಳತೆ. ಉಣ್ಣೆ ಕಂಬಳಿಯ ಹಾಗೆ ದಪ್ಪಗೆ ಗಂಟುಗಟ್ಟಿತ್ತು.

"ಇದು ಯಾವ ಮಗೂದು?" ಎಂದಳು ಅಕ್ಕ.

"ನನ್ದೇ ಮೇಡಂ. ನಮ್ಮಕ್ಕ ಹೆಣೆದು ಕೊಟ್ಟಿದ್ದು. ಈಗ ಅವಳ ಬೆರಳು ಮಡಚೋಕೇ ಬರಲ್ಲ, ಇನ್ನೊಂದು ಹೆಣೆಯೋ ಹಾಗಿಲ್ಲ. ಕಾಲರ್ ಹತ್ರ ಗ್ರೀಸ್ ಕಲೆ ಆಗಿತ್ತು. ನಿಮ್ಮ ಬ್ಲಾಗಲ್ಲಿ ಉಣ್ಣೆ ಅಂತ ದೊಡ್ಡದಾಗಿ ಇತ್ತಲ್ಲ, ಅದನ್ನ ಒತ್ತಿದೆ. ಬಂದಿದ್ದನ್ನ ಓದ್ಕೊಂಡು, ಕುದಿಯೋ ನೀರಲ್ಲಿ ಸೋಪು ಹಾಕಿ ಚೆನ್ನಾಗಿ ಕುಕ್ಕಿದೆ. ಎಲ್ಲೋ ನಾನೇ ತಪ್ಪು ಮಾಡಿದ್ದೀನಿ."

ಕುದಿಯುವ ನೀರಿನ ವಿಷಯ ಅಕ್ಕ ಬರೆದದ್ದು ಹತ್ತಿಯ ಹಾಸಿಗೆ ಬಟ್ಟೆಗೆ. ಉಣ್ಣೆಯ ಬಗ್ಗೆ ಅವಳು ಒಂದು ಸಾಲೂ ಬರೆದಿರಲಿಲ್ಲ. ಸಿಡುಕಿನಲ್ಲಿ ಎಷ್ಟೋ ದಿನದಿಂದ ತೆರೆಯದೆ ಬಿಟ್ಟಿದ್ದ ಬ್ಲಾಗನ್ನು ಫೋನಿನಲ್ಲಿ ತೆರೆದು ನೋಡಿದಳು. ಹಾಸಿಗೆ ಬಟ್ಟೆಯ ಬರಹದ ಕೆಳಗೆ 'ಉಣ್ಣೆ'. ಗುಂಡಿಯ ಬರಹದ ಕೆಳಗೆ 'ಉಣ್ಣೆ'. ಜಿಪ್ಪಿನ ಕೆಲವು ಬರಹಗಳ ಕೆಳಗೂ 'ಉಣ್ಣೆ'. ಮೋಡದ ನಡುವೆ ಆ ಪದ ಈಗ ಜಿಪ್ಪಿನ ಪಕ್ಕದಲ್ಲೇ, ಅದರಷ್ಟೇ ದಪ್ಪಗೆ, ಕಡುಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು.

"ತಪ್ಪು ನಿಮ್ದಲ್ಲ ಸಾರ್, ನಮ್ದು," ಎಂದಳು. ಮುಂದಿನದನ್ನು ಹೇಳಲು ನಾಚಿಕೆಯಾಯಿತು. "ಬಿಟ್ಟು ಹೋಗಿ. ಆದಷ್ಟು ಸರಿ ಮಾಡಿಕೊಡ್ತೀನಿ."

ಆ ಸಂಜೆ ಅವಳು ಸ್ವೆಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ, ತಲೆಗೂದಲಿಗೆ ಹಾಕುವ ಕಂಡಿಷನರ್ ಕಲಸಿ ನೆನೆಹಾಕಿದಳು. ಅಗಲವಾದ ಹಲಗೆ ಬೇಕಿತ್ತು. ಪೇಂಟರ್ ಹಿತ್ತಿಲಿನಿಂದ ಯಾವುದೋ ಹಳೆಯ ಬೋರ್ಡಿನ ಪ್ಲೈವುಡ್ ತಂದುಕೊಟ್ಟು, ವಿಷಯ ಗೊತ್ತಿಲ್ಲದೆ ಒಂದು ಬದಿ ಹಿಡಿದುಕೊಂಡ. ಒದ್ದೆ ಸ್ವೆಟರನ್ನು ಅವನೊಂದು ಕಡೆ, ಅವಳೊಂದು ಕಡೆ ಮೆಲ್ಲಗೆ ಎಳೆದು ಪಿನ್ನು ಚುಚ್ಚುತ್ತಾ ಹೋದರು.

"ಪಾಪ, ಯಾರದ್ದು?" ಎಂದ ಅವನು.

"ನೀವು ಕುಗ್ಗಿಸಿದ್ದು," ಎಂದಳು ಅವಳು. ಆಮೇಲೆ ನಡೆದದ್ದನ್ನು ಪೂರ್ತಿ ಹೇಳಿದಳು.

ಪೇಂಟರ್ ಡಬ್ಬಿಯಿಂದ ಇನ್ನೊಂದು ಪಿನ್ನು ತೆಗೆದು ಚುಚ್ಚಿದ. "ಮೇಲೆ ಹಾಸಿಗೆ ಬಟ್ಟೆ ಅಂತ ಇತ್ತಲ್ಲ. ಓದ್ಬೇಕಿತ್ತು ಅವ್ರು."

ಅಕ್ಕನಿಗೆ ಪಿತ್ತ ನೆತ್ತಿಗೇರಿತು. "ಓದ್ಬೇಕಿತ್ತಾ? ಉಣ್ಣೆ ಅಂತ ಕರೆದ್ರಿ, ಆ ಮನುಷ್ಯ ಬಂದ. ಕರೆದವ್ರು ನೀವು. ಔಷಧಿ ಅಂಗಡಿ ಅಂತ ಬೋರ್ಡು ಬರ್ದು ಒಳಗೆ ಸೀಮೆಎಣ್ಣೆ ಇಟ್ರೆ, ಕುಡಿದವನದ್ದು ತಪ್ಪಾ?"

"ನಾನು ಅಷ್ಟೆಲ್ಲ ಯೋಚ್ನೆ ಮಾಡ್ಲಿಲ್ಲ ಕಣೇ. ಪದ ಚೆನ್ನಾಗಿತ್ತು, ಹಾಕಿದೆ."

"ಗೊತ್ತು," ಎಂದಳು ಅವಳು. "ಅದೇ ನನಗೆ ಸಂಕಟ." ತೋಳು ಎಳೆಯುವಾಗ ಅವಳು, "ಮೆಲ್ಲಗೆ, ಮೆಲ್ಲಗೆ," ಅನ್ನುತ್ತಿದ್ದಳು.

ಸ್ವೆಟರ್ ಒಣಗಿದ ಮೇಲೆ ಉದ್ದ ಬಹುಪಾಲು ಮರಳಿತ್ತು, ಅಗಲ ಬರಲಿಲ್ಲ. ಅಕ್ಕ ಎರಡೂ ಪಕ್ಕ ಬಿಚ್ಚಿ, ಬಣ್ಣಕ್ಕೆ ಹತ್ತಿರವಾದ ಉಣ್ಣೆಯ ಪಟ್ಟಿ ಕೂರಿಸಿ, ತೋಳಿನ ತುದಿಗೂ ಅದನ್ನೇ ಸೇರಿಸಿದಳು. ಮೇಷ್ಟರು ಬಂದ ದಿನ ಅವಳು ಎಂದಿನಂತೆ ಬೀದಿಗಿಳಿದು ನಿಂತಳು. ಪೇಂಟರ್ ಕೂಡ ಅಲ್ಲೇ ಇದ್ದ. ಬರುವುದಿಲ್ಲ ಅಂದವನು ಅದು ಹೇಗೋ ಬಂದಿದ್ದ.

ಸ್ವೆಟರ್ ತೊಟ್ಟು ಹೊರಬಂದ ಮೇಷ್ಟರಿಗೆ ಅವನು ನೆಲ ನೋಡುತ್ತಾ ಹೇಳಿದ, "ಸಾರ್, ಆ ಉಣ್ಣೆ ಅನ್ನೋ ಪದ ಹಾಕಿದ್ದು ನಾನು. ಇವಳಿಗೆ ಗೊತ್ತೇ ಇರ್ಲಿಲ್ಲ. ಅಂದಕ್ಕೆ ಅಂತ ಹಾಕಿದ್ದೆ."

ಕ್ಷಮಿಸಿದ್ದೇನೆ ಎಂಬಂಥ ಮಾತು ಮೇಷ್ಟರ ಬಾಯಿಂದ ಬರಲಿಲ್ಲ. "ಹಾಗಾದ್ರೆ ನಾನು ನಮ್ಮಕ್ಕನ ಹತ್ರ ಬೈಸ್ಕೊಂಡಿದ್ದೆಲ್ಲ ನಿಮ್ಮ ಲೆಕ್ಕಕ್ಕೆ. ಬನ್ನಿ, ಕಾರಿದೆ. ಇದನ್ನೇ ಅವಳ ಮುಂದೆ ಹೇಳಿ."

ಪೇಂಟರ್ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಒಳಗೆ ಹೋಗಿ ಮಷಿನ್ನಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದಳು. ಹೋಗದೆ ಗತಿಯಿರಲಿಲ್ಲ.

ಮೇಷ್ಟರ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪೇಂಟರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ತಮ್ಮನನ್ನು ಹತ್ತಿರ ಕರೆದು, ಮಡಚಲಾಗದ ಬೆರಳುಗಳಿಂದಲೇ ಪಟ್ಟಿಯ ಹೊಲಿಗೆ ಸವರಿ ನೋಡಿದರು.

"ಇದನ್ನ ಸೇರಿಸಿದ್ದು ಯಾರು?"

"ನನ್ನ ಹೆಂಡತಿ," ಎಂದ ಪೇಂಟರ್.

"ಕೆಲಸ ಅಚ್ಚುಕಟ್ಟಾಗಿದೆ. ನಿಮ್ಮ ಕೆಲಸ ಏನು?"

"ಬೋರ್ಡು ಬರೀತೀನಿ ಅಮ್ಮ. ಅಕ್ಷರದ ಕೆಲಸ."

"ಅಕ್ಷರದ ಕೆಲಸ ಮಾಡೋರು ಉಣ್ಣೆ ಅಂತ ಬರ್ದು ಹತ್ತಿ ತೋರಿಸ್ತಾರಾ?"

ಆಕೆ ಮನಸಾರೆ ಬೈದರು, ನಡುವೆ ಚಹಾ ಕೊಡಿಸಿದರು, ಕುಡಿದಾದ ಮೇಲೆ ಉಳಿದದ್ದನ್ನೂ ಬೈದರು. ಹೊರಡುವಾಗ, "ಬಂದಿದ್ದೀರಲ್ಲ, ಗೇಟಿನ ಮೇಲೆ ಮನೆ ನಂಬರು ಅಳಿಸಿಹೋಗಿದೆ, ಅದನ್ನಾದ್ರೂ ಸರಿಯಾಗಿ ಬರ್ದು ಹೋಗಿ," ಅಂದರು. ಬಣ್ಣ ತಂದಿರಲಿಲ್ಲವಾದ್ದರಿಂದ ಅವನು ಮರುದಿನ ಮತ್ತೆ ಹೋಗಿ ಬರೆದು ಬಂದ.

ನಂಬರು ಬರೆದು ಮನೆಗೆ ಬಂದವನು ಕುರ್ಚಿಯ ತುದಿಯಲ್ಲಿ ಕೂತು, "ತೆಗೆದ್ಬಿಡು ಆ ಟಿಕ್ಕನ್ನ," ಎಂದ.

"ಬಣ್ಣ ಹಾಕಿದವ್ರು ನೀವು. ನೀವೇ ತೆಗೀರಿ."

ತೆಗೆದ. ಮುಖಪುಟದಲ್ಲಿ ಬಿಳಿಯ ಜಾಗ ಉಳಿಯಿತು. ಅವನು ಅದನ್ನೇ ನೋಡುತ್ತಾ ಕೂತಿದ್ದು ಕಂಡು ಅಕ್ಕನಿಗೆ ಗೆದ್ದಂತೆ ಅನ್ನಿಸಲಿಲ್ಲ. ಸುಸ್ತಾದಂತೆ ಅನ್ನಿಸಿತು. ಅವಳು ತಪ್ಪು ಟ್ಯಾಗ್‌ಗಳನ್ನೆಲ್ಲ ಕಿತ್ತಳು. ಅಂಗಡಿಗೆ ಬರುವವರು ಏನು ಹೇಳಿಕೊಂಡು ಬರುತ್ತಾರೋ ಹಾಗೆಯೇ ಬರಹಗಳನ್ನು ವಿಂಗಡಿಸಿದಳು: ಪ್ಯಾಂಟು, ಕೋಟು, ಫ್ರಾಕು, ಹಾಸಿಗೆ ಬಟ್ಟೆ, ಕಲೆಗಳು. ಉಣ್ಣೆಯ ಬಗ್ಗೆಯೂ ಒಂದು ಬರೆದಳು. ಕುದಿಯುವ ನೀರು ಬೇಡ ಎಂಬುದೇ ಅದರ ಮೊದಲ ಸಾಲು.

ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದ ಪೇಂಟರ್ ಒಂದು ಭಾನುವಾರ ಕುಂಚದ ಗಂಟು ಕೆಳಗಿಳಿಸಿದ. "ಆ ಪ್ಯಾಂಟು, ಕೋಟು ಅನ್ನೋ ಹೆಸರುಗಳನ್ನ ನಾನು ಕೈಯಲ್ಲಿ ಬರ್ದು ಕೊಡ್ಲಾ? ಮಗಳು ಫೋಟೊ ತೆಗೆದು ಹಾಕ್ತಾಳಂತೆ."

"ಬರೀರಿ. ಆದ್ರೆ ಎಲ್ಲ ಒಂದೇ ಎತ್ತರ ಇರ್ಬೇಕು. ಒಂದು ದಪ್ಪ ಒಂದು ಸಣ್ಣ ಆಗಕೂಡದು."

ಒಪ್ಪಿ ಬರೆದ. ಚೆನ್ನಾಗಿಯೇ ಬಂತು. ಫ್ರಾಕಿನ ಬರಹವನ್ನು ಜನ ಈಗ ಹುಡುಕದೆಯೇ ಓದತೊಡಗಿದರು. ಅಷ್ಟರಲ್ಲಿ ಎಲ್ಲಿಂದಲೋ ಇಬ್ಬರು ಓದುಗರು, ಆ ಬಣ್ಣಬಣ್ಣದ ಪದಗಳ ಗುಂಪು ಎಲ್ಲಿ ಹೋಯಿತು, ಅದೇ ಚೆನ್ನಾಗಿತ್ತಲ್ಲ ಎಂದು ಬರೆದರು. ಅಕ್ಕ ಅದನ್ನು ಓದಿ ಹಣೆ ಚಚ್ಚಿಕೊಂಡಳು. ಪೇಂಟರ್ ಆಗಲೇ ಓದಿದ್ದ.

"ನೋಡು, ನಾನು ಹೇಳ್ತಿರ್ಲಿಲ್ವಾ," ಎಂದ. "ಮತ್ತೆ ಈ ಕೋಟು ಅನ್ನೋದು ಎರಡೇ ಅಕ್ಷರ. ಪಕ್ಕದಲ್ಲಿ ಹಾಸಿಗೆ ಬಟ್ಟೆ ಅಷ್ಟುದ್ದ ಇದೆ. ಪಾಪ ಅನ್ಸುತ್ತೆ. ಒಂಚೂರು ದಪ್ಪ ಮಾಡ್ಲಾ?"

ಅಕ್ಕ ಹಲ್ಲಿನಿಂದ ದಾರ ಕಡಿದು ಅವನನ್ನು ನೋಡಿದಳು. "ಕೋಟಿನ ತಂಟೆಗೆ ಹೋಗ್ಬೇಡಿ," ಎಂದಳು. "ಸ್ವಲ್ಪ ಆ ಕತ್ತರಿ ಕೊಡಿ ಇಲ್ಲಿ."