ತೊಟ್ಟಿಲಿಗೆ ನಾಲ್ಕು ಬೆರಳು ಉಣ್ಣೆ

ಬುರುಲ್ಚಾ ಯಾರ ಮನೆಗೆ ಹೋದರೂ ಮೊದಲು ಕಾಯಿಲೆಯ ಬಗ್ಗೆ ಕೇಳುವುದಿಲ್ಲ. ಮಾತ್ರೆ ಎಲ್ಲಿಟ್ಟಿದ್ದೀರಿ, ಥರ್ಮಾಮೀಟರನ್ನು ಯಾವ ಬಟ್ಟೆಯಲ್ಲಿ ಸುತ್ತಿದ್ದೀರಿ, ಡ್ರಿಪ್ ಬಾಟಲಿಯನ್ನು ಯಾವ ಮೊಳೆಗೆ ನೇತುಹಾಕುತ್ತೀರಿ ಎಂದು ಕೇಳುತ್ತಾರೆ. ಕೊಟ್ಟ ಚಹಾ ಕುಡಿಯುತ್ತಾ ಆ ವಸ್ತುಗಳ ಚಿತ್ರ ಬರೆದುಕೊಳ್ಳುತ್ತಾರೆ. ಆತ್‌ಬಾಷಿ ಕಣಿವೆಯ ಜನ ಇದಕ್ಕೆ ಒಗ್ಗಿಹೋಗಿದ್ದಾರೆ. "ಬಂದ್ಲು ನೋಡ್ರಪ್ಪ, ಮೊಳೆ ಎಣಿಸೋಳು" ಎಂದು ನಾಲ್ಕು ಜನರ ಮುಂದೆ ಹಂಗಿಸುವವರು ಅವರ ಸ್ವಂತ ಅಣ್ಣ.

ಹದಿನೆಂಟು ವರ್ಷ ಅವರು ಇದೇ ಕಣಿವೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದರು. ದಾರಿ ಬದಲಿಸಿದ್ದು ಒಬ್ಬ ಮುದುಕನ ಸಕ್ಕರೆ ಡಬ್ಬಿ. ರಕ್ತದೊತ್ತಡಕ್ಕೆಂದು ತಿಂಗಳು ತಿಂಗಳು ಕೊಟ್ಟ ಮಾತ್ರೆಗಳೆಲ್ಲ ಒಂದೂ ಕಡಿಮೆಯಾಗದೆ ಅದರಲ್ಲಿ ತುಂಬಿದ್ದವು. ಯಾಕೆಂದು ಕೇಳಿದರೆ ಮುದುಕನಿಗೇ ಆಶ್ಚರ್ಯ. "ಬೇಸಿಗೇಲೇ ಬಣವೆ ಬಿಚ್ಚಿಬಿಟ್ರೆ ಚಳಿಗಾಲಕ್ಕೇನು ಮಾಡ್ಲಿ ಮಗಳೇ? ಹಿಮ ಬಿದ್ದು ದಾರಿ ಮುಚ್ಚಿದಾಗ ಬೇಕಲ್ಲ?"

ಔಷಧಿ ಕೊಟ್ಟವರಿಗೆ ಅದು ಔಷಧಿ, ಇಟ್ಟುಕೊಂಡವನಿಗೆ ಹುಲ್ಲು. ಈ ನಡುವಿನ ಜಾಗದಲ್ಲಿ ಏನೇನಿದೆ ಎಂಬ ಕುತೂಹಲ ಬುರುಲ್ಚಾರನ್ನು ಬಿಡಲಿಲ್ಲ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ರಾಜಧಾನಿ ಬಿಷ್ಕೆಕ್‌ಗೆ ಹೋಗಿ, ತಮ್ಮ ಮಗನ ವಯಸ್ಸಿನವರ ಜೊತೆ ಕುಳಿತು ವೈದ್ಯಕೀಯ ಮಾನವಶಾಸ್ತ್ರ ಓದಿ ಬಂದರು.

ಕಳೆದ ಮಾರ್ಚ್‌ನಲ್ಲಿ ನಾರಿನ್ ಪಟ್ಟಣದ ಮೂಳೆ ವೈದ್ಯರೊಬ್ಬರು ಅವರಿಗೆ ಫೋನ್ ಮಾಡಿದರು. ಐದು ತಿಂಗಳ ಆಯ್‌ಪೆರಿ ಎಂಬ ಹೆಣ್ಣುಮಗುವಿನ ಸೊಂಟದ ಕೀಲು ಸರಿಯಾಗಿ ಕೂತಿರಲಿಲ್ಲ. ಕಾಲುಗಳನ್ನು ಕಪ್ಪೆಯಂತೆ ಮಡಚಿ ಅಗಲವಾಗಿ ಹಿಡಿಯುವ ಬಟ್ಟೆಯ ಪಟ್ಟಿಗಳನ್ನು ಎರಡು ತಿಂಗಳ ಹಿಂದೆಯೇ ಕೊಟ್ಟಿದ್ದರು. ಸ್ನಾನದ ಹೊತ್ತು ಬಿಟ್ಟರೆ ಬಿಚ್ಚಬಾರದು. ಹೊಸ ಎಕ್ಸ್‌ರೇಯಲ್ಲಿ ಮಾತ್ರ ಎಳ್ಳಷ್ಟೂ ಬದಲಾವಣೆ ಇರಲಿಲ್ಲ.

"ಅಜ್ಜಿ ರೊಟ್ಟಿ ಮುಟ್ಟಿ ಆಣೆ ಇಡ್ತಾರೆ, ಯಾವಾಗ್ಲೂ ಹಾಕಿರ್ತೀವಿ ಅಂತ. ಸುಳ್ಳು ಎಜೆ" ಎಂದರು ವೈದ್ಯರು. ಎಜೆ ಅಂದರೆ ಅಕ್ಕ; ಬುರುಲ್ಚಾ ಅವರಿಗೆ ಅಕ್ಕನ ವಯಸ್ಸಿನವರು. "ಇನ್ನು ಆರು ವಾರ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ಬಿಷ್ಕೆಕ್‌ಗೆ ಕಳಿಸ್ಬೇಕು. ಅರಿವಳಿಕೆ ಕೊಟ್ಟು ಕೀಲು ಕೂರಿಸಿ, ಸೊಂಟದಿಂದ ಪಾದದವರೆಗೂ ಪ್ಲಾಸ್ಟರ್. ಮೂರು ತಿಂಗಳು. ಒಂದ್ಸಲ ಮನೆಗೆ ಹೋಗಿ ನೋಡ್ತೀರಾ?"

ಮರುದಿನ ಬುರುಲ್ಚಾ ಆ ಮನೆಯಲ್ಲಿದ್ದರು. ಅಜ್ಜಿ ಉರ್ಕುಯಾ ರೊಟ್ಟಿ ಮುರಿದು ಮುಂದಿಟ್ಟರು. ಸೊಸೆ ಮೀರ್‌ಗುಲ್ ಚಹಾ ಬಗ್ಗಿಸಿದಳು. ಮಗು ಪಟ್ಟಿ ಕಟ್ಟಿಕೊಂಡು ಅಜ್ಜಿಯ ತೊಡೆಯ ಮೇಲೆ ಆಡುತ್ತಿತ್ತು.

"ಸುಳ್ಳಿ ಅಂದ್ನಂತೆ ಆ ಡಾಕ್ಟರು! ಅವನ ಮೀಸೆ ಚಿಗುರೋಕೆ ಮುಂಚೆ ನಾನು ಐದು ಹೆತ್ತಿದ್ದೆ" ಎಂದರು ಉರ್ಕುಯಾ.

ಬುರುಲ್ಚಾ ಮಗುವನ್ನು ಎತ್ತಿಕೊಂಡು ಪಟ್ಟಿಯನ್ನು ನೋಡಿದರು. ಅದರ ಅಂಟುವ ತುದಿಗಳ ಸಣ್ಣ ಕೊಕ್ಕೆಗಳಲ್ಲಿ ಬೂದು ಉಣ್ಣೆಯ ಎಳೆಗಳು ದಟ್ಟವಾಗಿ ಸಿಕ್ಕಿಕೊಂಡಿದ್ದವು. ಸದಾ ಮೈಮೇಲೆ ಮುಚ್ಚಿಕೊಂಡಿರುವ ಕೊಕ್ಕೆಗೆ ಉಣ್ಣೆ ಹತ್ತುವುದಿಲ್ಲ. ದಿನಕ್ಕೆ ಹಲವು ಸಲ ಬಿಚ್ಚಿ ನೆಲದ ಹಾಸಿನ ಮೇಲೆ ಇಟ್ಟರೆ ಹತ್ತುತ್ತದೆ. ಅವರು ಇನ್ನೊಂದು ಬಟ್ಟಲು ಚಹಾ ಕೇಳಿದರು.

ಮಗು ಕಣ್ಣುಜ್ಜಿತು. ಉರ್ಕುಯಾ ಎದ್ದು ಅದರ ಅಂಗಿ ಬಿಚ್ಚಿದರು, ಪಟ್ಟಿ ಬಿಚ್ಚಿದರು, ಬರಿಮೈಯಲ್ಲಿ ತೊಟ್ಟಿಲಿಗೆ ಹಾಕಿದರು. ಮೂತ್ರ ಇಳಿದುಹೋಗುವ ಮರದ ಕೊಳವೆಯನ್ನು ತೊಡೆಗಳ ನಡುವೆ ಕೂರಿಸಿ, ಅದರ ಬಾಲವನ್ನು ಹಾಸಿನ ತೂತಿನಿಂದ ಕೆಳಗಿನ ಕುಡಿಕೆಗೆ ಇಳಿಬಿಟ್ಟರು. ಆಮೇಲೆ ಕಾಲೆರಡನ್ನೂ ನೆಟ್ಟಗೆ ಜೋಡಿಸಿ, ಅಗಲ ಬಟ್ಟೆಯಿಂದ ಬಿಗಿಯಾಗಿ ಕಟ್ಟಿದರು.

"ಅಪಾ, ಪಟ್ಟಿ ಯಾಕೆ ಬಿಚ್ಚಿದ್ರಿ?" ಹಿರಿಯ ಹೆಂಗಸನ್ನು ಅಮ್ಮ ಎನ್ನುವ ಮಾತಿನಲ್ಲೇ ಬುರುಲ್ಚಾ ಕೇಳಿದರು.

"ಬಟ್ಟೆ ಹಾಕ್ಕೊಂಡು ಯಾರಮ್ಮ ತೊಟ್ಟಿಲಲ್ಲಿ ಮಲಗ್ತಾರೆ?"

"ಯಾವಾಗ್ಲೂ ಹಾಕಿರ್ತೀವಿ ಅಂದ್ರಲ್ಲ?"

"ಹಾಕಿರ್ತೀವಿ. ತೊಟ್ಟಿಲಿಂದ ಎತ್ತಿದ ತಕ್ಷಣ ಅದೇ ಮೊದಲು. ಅಂಗಿಗಿಂತ ಮೊದಲು! ಕೇಳು ಬೇಕಾದ್ರೆ ಇವಳನ್ನ."

ಮೀರ್‌ಗುಲ್ ತಲೆಯಾಡಿಸಿದಳು. ಆಣೆ ಸುಳ್ಳಾಗಿರಲಿಲ್ಲ. ಪಟ್ಟಿ ಅವರಿಗೆ ಉಡುಪು, ಎಚ್ಚರವಿದ್ದ ಮಗುವಿನ ಉಡುಪು. ಮಗು ದಿನಕ್ಕೆಷ್ಟು ಹೊತ್ತು ತೊಟ್ಟಿಲಲ್ಲಿರುತ್ತದೆ ಎಂದು ಬುರುಲ್ಚಾ ಕೂಡಿಸಿ ನೋಡಿದರು. ಹದಿನಾರು ಗಂಟೆ. ತೊಟ್ಟಿಲಿಲ್ಲದ ಕೋಣೆಯಲ್ಲಿ ಕೂತು ಕೇಳಿದ ವೈದ್ಯರಿಗೆ ಇದು ಹೊಳೆಯುವ ದಾರಿಯೇ ಇರಲಿಲ್ಲ.

ತೊಟ್ಟಿಲು ಬಿಡಿ ಎಂದು ಬುರುಲ್ಚಾ ಹೇಳಲಿಲ್ಲ. ಉರ್ಕುಯಾರ ಗಂಡ ಸೇರಿ ಒಂಬತ್ತು ಮಕ್ಕಳು ಬೆಳೆದ ತೊಟ್ಟಿಲು ಅದು. ಅದರಲ್ಲಿ ಮಲಗಿದ ಒಂದು ಮಗುವೂ ಸತ್ತಿರಲಿಲ್ಲ. ಆದರೆ ಪಟ್ಟಿ ಕಟ್ಟಿಯೇ ಮಲಗಿಸಿ ನೋಡಿದಾಗ ಮಗುವಿನ ಮೊಣಕಾಲುಗಳು ಎರಡೂ ಪಕ್ಕದ ಮರಕ್ಕೆ ಒತ್ತಿದವು. ತೊಟ್ಟಿಲು ಮಾಡುವ ಎಶಿಮ್‌ಗೆ ಹೇಳಿಕಳಿಸಿದರು. ಆತ ಬಂದು, ಗೇಣು ಹಾಕಿ ನೋಡಿ, ಪಕ್ಕದ ಮರಗಳನ್ನು ಕೊಯ್ಯಬೇಕು ಎಂದ.

"ಗರಗಸ ಮುಟ್ಟಿಸು ನೋಡೋಣ!" ಉರ್ಕುಯಾ ತೊಟ್ಟಿಲಿಗೆ ಅಡ್ಡ ನಿಂತರು. "ಜೀನು ಒತ್ತಿದ್ರೆ ನಿಮ್ಮಪ್ಪ ಕುದುರೆ ಬೆನ್ನು ಕೊಯ್ತಿದ್ನೇನೋ? ಕೆಳಗೆ ಉಣ್ಣೆ ಹಾಸ್ತಿದ್ದ."

ಬುರುಲ್ಚಾರ ಪೆನ್ಸಿಲ್ ನಿಂತಿತು. "ಇನ್ನೊಂದ್ಸಲ ಹೇಳಿ ಅಪಾ."

"ಏನು, ಬೈದಿದ್ದನ್ನೂ ಬರ್ಕೋತೀಯಾ?"

ಅಷ್ಟರಲ್ಲಿ ಎಶಿಮ್ ಮಂಡಿಯೂರಿ ಹಾಸಿನ ಅಡಿಗೆ ಕೈ ತೂರಿಸಿದ್ದ. "ನಾಲ್ಕು ಬೆರಳು ಎತ್ತರಿಸಿದ್ರೆ ಮಂಡಿ ಮರದ ಮೇಲಿಂದ ಆಚೆ ಚಾಚುತ್ತೆ" ಎಂದ. "ಆದ್ರೆ ಈ ಕೊಳವೆ ಕುಡಿಕೆಗೆ ಎಟುಕಲ್ಲ. ಉದ್ದದ್ದೊಂದು ಕೆತ್ತಿ ಕೊಡ್ತೀನಿ."

ಆ ವಾರ ಉರ್ಕುಯಾ ಕೈಯಾರೆ ಉಣ್ಣೆ ಒತ್ತಿ, ನಡುವೆ ತೂತು ಬಿಟ್ಟು ದಪ್ಪ ಹಾಸು ಮಾಡಿದರು. ಬುರುಲ್ಚಾ ಕಳಿಸಿದ ಫೋಟೊ ನೋಡಿ ವೈದ್ಯರು ಒಪ್ಪಿದರು. ಇನ್ನು ಮುಂದೆ ಎದೆ ಮತ್ತು ಕೈಗಳಿಗೆ ಮಾತ್ರ ಕಟ್ಟು. ಕಾಲು ಕಟ್ಟದಿದ್ದರೆ ಮಗು ಬೆಚ್ಚಿಬೀಳುತ್ತದೆ ಎಂದು ಉರ್ಕುಯಾ ಮೂರು ದಿನ ತೊಟ್ಟಿಲ ಪಕ್ಕದಿಂದ ಕದಲಲಿಲ್ಲ. ಮಗು ನಿದ್ದೆ ಮಾಡಿತು.

ಆರು ವಾರದ ಎಕ್ಸ್‌ರೇ ಹಿಡಿದುಕೊಂಡು ಮೀರ್‌ಗುಲ್ ನಾರಿನ್‌ನಿಂದಲೇ ಫೋನ್ ಮಾಡಿದಳು. "ಎಜೆ, ಪ್ಲಾಸ್ಟರ್ ಬೇಡವಂತೆ! ತೊಡೆ ಮೂಳೆ ಗುಂಡು ಕೀಲಿನ ಕುಳಿಯೊಳಗೆ ಕೂತಿದೆಯಂತೆ. ಪಟ್ಟಿ ಇನ್ನೆರಡು ತಿಂಗಳು ಸಾಕಂತೆ. ಡಾಕ್ಟ್ರು ತೊಟ್ಟಿಲಿನ ಅಳತೆ ಕೇಳ್ತಿದಾರೆ. ಇನ್ಯಾವುದೋ ಮಗುಗೆ ಬೇಕಂತೆ."

ಅಳತೆ ತೆಗೆಯಲು ಹೋದ ದಿನ, ಗೂಡಿನಲ್ಲಿದ್ದ ಹಳೆಯ ಗಿಡ್ಡ ಕೊಳವೆಯನ್ನು, ತಾವು ಕೂಡಿಡುತ್ತಿದ್ದ ಇಂಥ ವಸ್ತುಗಳ ಸಂಗ್ರಹಕ್ಕೆ ಕೊಡುವಿರಾ ಎಂದು ಬುರುಲ್ಚಾ ಕೇಳಿದರು. ಮೂರು ತಲೆಮಾರಿನ ಹೆಣ್ಣುಮಕ್ಕಳ ಬಳಕೆಯಿಂದ ಅದರ ಬಾಯಿ ಗಾಜಿನಂತೆ ನುಣುಪಾಗಿತ್ತು.

"ಕೊಡಲ್ಲ. ಮುಂದಿನ ಮಗುಗೆ ಬೇಕು" ಎಂದರು ಉರ್ಕುಯಾ.

"ಯಾವ ಮುಂದಿನ ಮಗು ಅಪಾ?" ಒಲೆಯ ಬಳಿಯಿಂದ ಮೀರ್‌ಗುಲ್ ಕೂಗಿದಳು. "ನನ್ನನ್ನ ಕೇಳಿದ್ರಾ?"

ಬುರುಲ್ಚಾ ನೋಟ್‌ಬುಕ್ ತೆರೆದು ಕೊಳವೆಯ ಚಿತ್ರವನ್ನಷ್ಟೇ ಬರೆದುಕೊಂಡರು.